ಸಕ್ಕರೆ, ಹಾಲಿನ ಪುಡಿ, ತಾಳೆ ಎಣ್ಣೆ ಕೊಳ್ಳುವ ಕಂಪನಿಗೆ ಫ್ಲ್ಯಾಗ್ ಗುರಿ: ಹೊಲದ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಟಿಳಕವಾಡಿ_ಖರೀದಿ:

ಬೆಳಗಾವಿಯಲ್ಲಿ ಕ್ಯಾಂಡಿ, ಚಿಕ್ಕಿ, ಹಾಲಿನ ಸಿಹಿ ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗದ ಪರವಾಗಿ ಈ ಪ್ರಶ್ನೆ. ರಫ್ತು ಗಿರಾಕಿಗಳು ಎಸ್‌ಬಿಟಿಐ (ಕಂಪನಿಗಳ ಹವಾಮಾನ ಗುರಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ಒಪ್ಪಿದ ಹೊರಸೂಸುವಿಕೆ ಗುರಿ ಕೇಳುತ್ತಿದ್ದಾರೆ. ಅದರೊಳಗೆ ಫ್ಲ್ಯಾಗ್, ಅಂದರೆ ಅರಣ್ಯ, ಭೂಮಿ ಮತ್ತು ಕೃಷಿಯ ಪಾಲಿಗೆ ಬೇರೆ ಗುರಿ ಇರಬೇಕು ಎಂದಿದ್ದಾರೆ.

ವರ್ಷದ ಖರೀದಿ ಹೀಗಿದೆ. ಸಕ್ಕರೆ 6,000 ಟನ್, ಅಥಣಿ ಕಡೆಯ ಒಂದು ಕಾರ್ಖಾನೆ ಮತ್ತು ಮುಧೋಳ ಕಡೆಯ ಒಂದು ಕಾರ್ಖಾನೆಯಿಂದ. ಗೋವಿನಜೋಳದ ಲಿಕ್ವಿಡ್ ಗ್ಲೂಕೋಸ್ 1,500 ಟನ್. ಮಹಾಲಿಂಗಪುರ ಪೇಟೆಯ ಬೆಲ್ಲ 300 ಟನ್. ತಾಳೆ ಎಣ್ಣೆ 400 ಟನ್. ಕೆನೆಭರಿತ ಹಾಲಿನ ಪುಡಿ 60 ಟನ್. ಇದರ ಮೇಲೆ ಶೇಂಗಾ.

ಸದ್ಯದ ಕರಡು ಗುರಿ: "2023-24 ಮೂಲ ವರ್ಷ. 2033-34ರ ಹೊತ್ತಿಗೆ ಪ್ರತಿ ಟನ್ ಉತ್ಪನ್ನದ ಒಟ್ಟು ಹೊರಸೂಸುವಿಕೆಯಲ್ಲಿ ಶೇ 30 ಇಳಿಕೆ." ಸಕ್ಕರೆಗೆ ಅಂತರರಾಷ್ಟ್ರೀಯ ಡೇಟಾಬೇಸ್ ಒಂದರಿಂದ ಪ್ರತಿ ಟನ್ನಿನ ಸರಾಸರಿ ಅಂಕಿ ತೆಗೆದುಕೊಂಡಿದ್ದೇವೆ. ಇಳಿಕೆಗೆ ಮೂರು ದಾರಿ ಯೋಚಿಸಿದ್ದೇವೆ: ಬಗಾಸ್‌ನಿಂದ (ಕಬ್ಬು ಹಿಂಡಿದ ಸಿಪ್ಪೆಯಿಂದ) ಕರೆಂಟ್ ತಯಾರಿಸುವ ಕಾರ್ಖಾನೆಗಳ ಸಕ್ಕರೆಗೇ ಆದ್ಯತೆ, ಖಾನಾಪುರ ಭಾಗದಲ್ಲಿ ಗಿಡ ನೆಡುವುದು, ಕಬ್ಬು ಬೆಳೆಗಾರರ ಮಣ್ಣಿನ ಇಂಗಾಲ ಹೆಚ್ಚಿಸಿ ಅದನ್ನು ಲೆಕ್ಕಕ್ಕೆ ಹಿಡಿಯುವುದು. ಇದು ನಿಲ್ಲುತ್ತದೆಯೇ? ಕಬ್ಬಿನ ಹೊಲದ ಲೆಕ್ಕವನ್ನು ಇಲ್ಲಿಯ ಅಂಕಿಗಳಿಂದಲೇ ಕಟ್ಟುವುದು ಹೇಗೆ?

ಮಲಪ್ರಭಾ_ಲೆಕ್ಕ:

ಕರಡು ಈಗಿರುವಂತೆ ನಿಲ್ಲುವುದಿಲ್ಲ, ಆದರೆ ತಿದ್ದಬಹುದು.

ಫ್ಲ್ಯಾಗ್ ಮಾರ್ಗಸೂಚಿ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಬೇರೆ ವಲಯದ ಕಂಪನಿಗೆ ತನ್ನ ಒಟ್ಟು ಹೊರಸೂಸುವಿಕೆಯಲ್ಲಿ ಭೂಮಿಯ ಪಾಲು ಶೇ 20 ಮುಟ್ಟಿದರೆ ಮಾತ್ರ ಇದು ಅನ್ವಯ. ಆಹಾರ ಸಂಸ್ಕರಣೆಯವರಿಗೆ ಆ ಮಿತಿ ನೋಡುವ ಪ್ರಶ್ನೆಯೇ ಇಲ್ಲ, ನೇರವಾಗಿ ಕಡ್ಡಾಯ. ಹೊಲದ ಖಾತೆ ಬೇರೆ, ಇಂಧನದ ಖಾತೆ ಬೇರೆ ಇರಬೇಕು. ಬಾಯ್ಲರ್, ಡೀಸೆಲ್, ಕರೆಂಟ್, ಪ್ಯಾಕಿಂಗ್ ಸಾಮಾನು ಇವೆಲ್ಲ ಇಂಧನ-ಕೈಗಾರಿಕೆ ಖಾತೆಗೆ. ಗೊಬ್ಬರ ಹಾಕಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್, ದನದ ಮೀಥೇನ್, ರವದಿ (ಕಟಾವಿನ ನಂತರ ಉಳಿಯುವ ಕಬ್ಬಿನ ಒಣ ಎಲೆ) ಸುಟ್ಟ ಹೊಗೆ, ಕಾಡು ಅಥವಾ ಹುಲ್ಲುಗಾವಲು ಹೊಲವಾದಾಗ ಹೊರಬಿದ್ದ ಇಂಗಾಲ ಇವು ಫ್ಲ್ಯಾಗ್ ಖಾತೆಗೆ. ಒಂದರ ಉಳಿತಾಯವನ್ನು ಇನ್ನೊಂದಕ್ಕೆ ಜಮಾ ಮಾಡಲು ಬರುವುದಿಲ್ಲ. ನಿಮ್ಮ ಕರಡಿನ "ಒಟ್ಟು" ಎಂಬ ಪದ ಅಲ್ಲಿಗೇ ಬಿತ್ತು.

ಬಗಾಸ್ ದಾರಿಯೂ ಅಲ್ಲೇ ಮುಚ್ಚುತ್ತದೆ. ಬಗಾಸ್ ಸುಟ್ಟಾಗಿನ ಇಂಗಾಲದ ಡೈಆಕ್ಸೈಡನ್ನು ಜೈವಿಕ ಮೂಲದ್ದು ಎಂದು ಪ್ರತ್ಯೇಕವಾಗಿ ತೋರಿಸಬೇಕು, ಅದರ ಜೊತೆಗಿನ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಇಂಧನದ ಖಾತೆಗೆ ಹೋಗುತ್ತವೆ. ಕಾರ್ಖಾನೆ ಗ್ರಿಡ್‌ಗೆ ಎಷ್ಟೇ ಕರೆಂಟ್ ಮಾರಲಿ, ಕಬ್ಬಿನ ಹೊಲದ ಅಂಕಿ ಒಂದು ಗ್ರಾಂ ಕೂಡ ಇಳಿಯದು.

ಇನ್ನು "ಪ್ರತಿ ಟನ್ ಉತ್ಪನ್ನಕ್ಕೆ" ಎಂಬುದು. ಪ್ರತಿ ಟನ್ ಲೆಕ್ಕದ ಹಾದಿ 11 ಸರಕುಗಳಿಗೆ ಮಾತ್ರ ಇದೆ: ದನದ ಮಾಂಸ, ಕೋಳಿ, ಹಂದಿ, ಹಾಲು, ಚರ್ಮ, ಗೋವಿನಜೋಳ, ಗೋಧಿ, ಅಕ್ಕಿ, ಸೋಯಾ, ತಾಳೆ ಎಣ್ಣೆ, ಮರ. ಕಬ್ಬು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಿಮಗೆ ಉಳಿಯುವುದು ವಲಯದ ಹಾದಿ: ಮೂಲ ವರ್ಷದ ಒಟ್ಟು ಟನ್ನುಗಳ ಮೇಲೆ ವರ್ಷಕ್ಕೆ ಶೇ 3.03ರ ಸರಳ ಇಳಿಕೆ, 10 ವರ್ಷಕ್ಕೆ ಶೇ 30.3. ಇದು ಒಟ್ಟು ಪ್ರಮಾಣದ ಇಳಿಕೆ ಎಂಬುದನ್ನು ಆಡಳಿತ ಮಂಡಳಿಗೆ ಮೊದಲ ದಿನವೇ ಬಿಡಿಸಿ ಹೇಳಿ. ಮಾರಾಟ ವರ್ಷಕ್ಕೆ ಶೇ 6 ಬೆಳೆದರೆ 10 ವರ್ಷದಲ್ಲಿ ಖರೀದಿ 1.79 ಪಟ್ಟಾಗುತ್ತದೆ. ಮೂಲ ವರ್ಷದ ಪ್ರಮಾಣ 100 ಎಂದರೆ, ಆಗ 69.7ರೊಳಗೆ ನಿಲ್ಲಬೇಕಾದರೆ ಪ್ರತಿ ಟನ್ನಿಗೆ ಶೇ 61 ಇಳಿಯಬೇಕು, ಶೇ 30 ಅಲ್ಲ. ಈ ಒಂದು ಗುಣಾಕಾರ ಮಾಡದೆ ಸಹಿ ಹಾಕಿದ ಕಂಪನಿ ನಾಲ್ಕನೇ ವರ್ಷಕ್ಕೆ ಗುರಿ ಕೈಬಿಡುವ ಸ್ಥಿತಿಗೆ ಬರುತ್ತದೆ.

ವ್ಯಾಪ್ತಿ: ನಿಮ್ಮದೇ ಜಮೀನು ಇದ್ದರೆ ಸ್ಕೋಪ್ 1 (ನಿಮ್ಮದೇ ನೇರ ಹೊರಸೂಸುವಿಕೆ) ಮತ್ತು 2ರ (ಕೊಂಡ ಕರೆಂಟಿನದ್ದು) ಫ್ಲ್ಯಾಗ್ ಪಾಲಿನ ಶೇ 95, ಪೂರೈಕೆದಾರರ ಕಡೆಯ ಸ್ಕೋಪ್ 3 ಫ್ಲ್ಯಾಗ್ ಪಾಲಿನ ಕನಿಷ್ಠ ಶೇ 67 ಗುರಿಯೊಳಗೆ ಬರಬೇಕು. ನಿಮ್ಮದು ಬಹುತೇಕ ಎಲ್ಲವೂ ಸ್ಕೋಪ್ 3.

ಈ ಶೇ 67 ಯಾವುದು ಎಂದು ತೂಕ ನೋಡಿ ತೀರ್ಮಾನಿಸಬೇಡಿ. ಹಾಲಿನ ಪುಡಿ ನೋಡಿ. ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ) 2006ರ ಮಾರ್ಗಸೂಚಿ ಪ್ರಕಾರ ಭಾರತ ಉಪಖಂಡದ ಒಂದು ಹಾಲು ಹಿಂಡುವ ಆಕಳು ವರ್ಷಕ್ಕೆ 58 ಕೆಜಿ ಮೀಥೇನ್ ಬಿಡುತ್ತದೆ, ಹಾಲು 900 ಕೆಜಿ. ಮೀಥೇನ್‌ಗೆ ಇಂಗಾಲದ ಡೈಆಕ್ಸೈಡಿನ 27 ಪಟ್ಟು ತಾಪ ಹಿಡಿದರೆ 1,566 ಕೆಜಿ, ಅಂದರೆ ಕೆಜಿ ಹಾಲಿಗೆ 1.74 ಕೆಜಿ ಇಂಗಾಲದ ಡೈಆಕ್ಸೈಡ್ ಸಮಾನ, ಅದೂ ಹೊಟ್ಟೆಯ ಮೀಥೇನ್ ಮಾತ್ರ. ಕೆಜಿ ಕೆನೆಭರಿತ ಪುಡಿಗೆ ಸುಮಾರು 8 ಕೆಜಿ ಹಾಲು ಬೇಕು. 60 ಟನ್ ಪುಡಿಗೆ 835 ಟನ್ ಆಯಿತು. ಸಕ್ಕರೆಯ ನೂರರಲ್ಲಿ ಒಂದು ಪಾಲು ತೂಕದ ಸರಕು, ಭಾರ ಹೀಗೆ! ಮಿಶ್ರತಳಿ ಆಕಳು ಹೆಚ್ಚು ಹಾಲು ಕೊಡುವ ಕಡೆ ಕೆಜಿಯ ಅಂಕಿ ಇಳಿಯುತ್ತದೆ, ಅದಕ್ಕೇ ಪೂರೈಕೆ ಮಾಡುವ ಡೇರಿಯಿಂದ ಹಾಲಿನ ಇಳುವರಿ ಕೇಳಿ ಪಡೆಯಿರಿ.

ಕೊನೆಗೆ ಡೇಟಾಬೇಸ್ ಸರಾಸರಿ. ನನ್ನ ಮಟ್ಟಿಗೆ ಈ ಇಡೀ ಕರಡಿನಲ್ಲಿ ದೊಡ್ಡ ದೋಷ ಇದೇ. ಮೊದಲ ಸುತ್ತಿನ ಅಂದಾಜಿಗೆ ಅದು ಸಾಕು. ಆದರೆ ಮೂಲ ವರ್ಷದ ಅಂಕಿ "ಟನ್ ಸಕ್ಕರೆ × ಸರಾಸರಿ ಗುಣಾಂಕ" ಎಂದಿದ್ದರೆ ರೈತ ನಾಲ್ಕು ಚೀಲ ಯೂರಿಯಾ ಬಿಟ್ಟರೂ, ರವದಿ ಸುಡುವುದು ನಿಂತರೂ ನಿಮ್ಮ ಲೆಕ್ಕದಲ್ಲಿ ಏನೂ ಕದಲುವುದಿಲ್ಲ. ಕದಲಬೇಕಾದರೆ ಸಕ್ಕರೆ ಕಡಿಮೆ ಕೊಳ್ಳಬೇಕು, ಬೇರೆ ದಾರಿ ಇಲ್ಲ. ಹೊಲದಲ್ಲಿ ಏನು ಬದಲಾಗಬೇಕೋ ಅದೇ ಲೆಕ್ಕದ ಮೊದಲ ಕಾಲಂ ಆಗಬೇಕು: ಎಕರೆಗೆ ಚೀಲ ಎಷ್ಟು, ನೀರು ಹೇಗೆ, ರವದಿ ಏನಾಯಿತು.

ಕುಳೆಕಬ್ಬು_ಜಮಖಂಡಿ:

ಮೇಲಿನವರು ಹೇಳಿದ್ದು ಖರೆ ಐತಿ. ಹೊಲದ ಲೆಕ್ಕ ನಾ ಬಿಡಿಸಿ ಕೊಡತೀನಿ, ಎಕರೆ ಹಿಡಕೊಂಡ. ಕೆಳಗ ಕೆಜಿ ಅಂದ್ರ ಇಂಗಾಲದ ಡೈಆಕ್ಸೈಡ್ ಸಮಾನ ಕೆಜಿ ಅಂತ ತಿಳಕೊಳ್ರಿ.

ನೀರಾವರಿ ಕಬ್ಬಿಗೆ ನಮ್ಮ ಕಡೆ ಶಿಫಾರಸು ಹೆಕ್ಟೇರಿಗೆ 250 ಕೆಜಿ ಸಾರಜನಕ, ಎಕರೆಗೆ 100 ಕೆಜಿ. ಯೂರಿಯಾದಾಗ ಶೇ 46 ಸಾರಜನಕ, 45 ಕೆಜಿ ಚೀಲಕ್ಕ 20.7 ಕೆಜಿ. ಅಂದ್ರ ಎಕರೆಗೆ ಐದು ಚೀಲಕ್ಕ ಸ್ವಲ್ಪ ಕಡಿಮಿ, 217 ಕೆಜಿ ಯೂರಿಯಾ.

ಐಪಿಸಿಸಿ 2019ರ ಪರಿಷ್ಕರಣೆಯ ಸರಾಸರಿ ಗುಣಾಂಕ ಹಿಡೀರಿ. ಹಾಕಿದ ಸಾರಜನಕದ ಶೇ 1 ನೇರವಾಗಿ ನೈಟ್ರಸ್ ಆಕ್ಸೈಡ್ ಆಗಿ ಹೋಗತೈತಿ. 100 × 0.01 × 44/28 (ಸಾರಜನಕದಿಂದ ನೈಟ್ರಸ್ ಆಕ್ಸೈಡ್ ತೂಕಕ್ಕ) × 273 (ಅದರ ತಾಪ ಇಂಗಾಲದ ಡೈಆಕ್ಸೈಡಿನ ಎಷ್ಟು ಪಟ್ಟು ಅನ್ನೂದು), ಆತು 429 ಕೆಜಿ. ಅಮೋನಿಯಾ ಆಗಿ ಹಾರಿ ಹೋಗಿ ಮುಂದ ನೈಟ್ರಸ್ ಆಕ್ಸೈಡ್ ಆಗೂದು: ಸಾರಜನಕದ ಶೇ 11, ಅದರ ಶೇ 1, ಆತು 47 ಕೆಜಿ. ನೀರಿನ ಕೂಡ ಬಸಿದು ಹೋಗೂದು: ಶೇ 24, ಅದರ ಶೇ 1.1, ಆತು 113 ಕೆಜಿ. ಮೂರೂ ಸೇರಿ 589. ಯೂರಿಯಾ ಕರಗಿದಾಗ ಅದರೊಳಗಿನ ಇಂಗಾಲ ಬಿಡತೈತಿ, ಕೆಜಿ ಯೂರಿಯಾಕ್ಕ 0.733 ಕೆಜಿ, ಅದು 159.

ರವದಿ ಎಕರೆಗೆ 3.2 ಟನ್ ಒಣ ತೂಕ ಅಂತ ಇಟ್ಕೊಳ್ರಿ, ಬೆಂಕಿ ಹಚ್ಚಿದ್ರ ಶೇ 80 ಉರೀತೈತಿ. ಕೆಜಿಗೆ ಮೀಥೇನ್ 2.7 ಗ್ರಾಂ, ನೈಟ್ರಸ್ ಆಕ್ಸೈಡ್ 0.07 ಗ್ರಾಂ. ಎರಡೂ ಸೇರಿ 236 ಕೆಜಿ.

ಒಟ್ಟು 984 ಕೆಜಿ ಎಕರೆಗೆ. 40 ಟನ್ ಇಳುವರಿ ಆದ್ರ ಟನ್ ಕಬ್ಬಿಗೆ 24.6 ಕೆಜಿ. ಸಕ್ಕರೆ ಇಳುವರಿ ಶೇ 10.5 ಇದ್ರ ಟನ್ ಸಕ್ಕರೆಗೆ 234 ಕೆಜಿ, ಕಾಕಂಬಿ, ಬಗಾಸ್ ಪಾಲು ಹಂಚೂಕಿಂತ ಮೊದಲ. ಗೊಬ್ಬರ ಫ್ಯಾಕ್ಟರಿಯ ಹೊಗಿ, ಪಂಪ್‌ಸೆಟ್ಟಿನ ಕರೆಂಟ್, ಟ್ರ್ಯಾಕ್ಟರ್ ಡೀಸೆಲ್ ಇವಕ್ಕ ಬ್ಯಾರೆ ಬ್ಯಾರೆ ಸಾಲು ಇಡ್ರಿ, ಮಣ್ಣಿನ ನೈಟ್ರಸ್ ಆಕ್ಸೈಡ್ ಕೂಡ ಕಲಸಬ್ಯಾಡ್ರಿ.

ನೆನಪಿಟ್ಕೊಳ್ಳಾಕ ಒಂದ ಅಂಕಿ ಸಾಕು. ಕಾಲುವೆ ನೀರು ಹಾಯಿಸಿದ ಹೊಲದಾಗ ಒಂದು ಚೀಲ ಯೂರಿಯಾ ಅಂದ್ರ 155 ಕೆಜಿ. ಫೀಲ್ಡ್‌ಮನ್‌ಗೆ ಇಷ್ಟು ಗೊತ್ತಿದ್ರ ಅರ್ಧ ಕೆಲಸ ಆದಂಗ.

ಆದ್ರ ಶಿಫಾರಸಿನಷ್ಟ ಹಾಕ್ಯಾರ ಅಂತ ಹಿಡದ್ರ ಲೆಕ್ಕ ಸುಳ್ಳಾಗತೈತಿ. ಕೃಷ್ಣಾ, ಘಟಪ್ರಭಾ ದಂಡಿ ಮ್ಯಾಲಿನ ಹೊಲ ಬ್ಯಾರೆ, ಕಾಲುವೆ ಕೊನಿ ಭಾಗದ ಹೊಲ ಬ್ಯಾರೆ, ಬೋರಿನ ಹೊಲ ಬ್ಯಾರೆ. ಚೀಲ ಎಣಿಸಿದ್ದ ಅಂಕಿನ ಬೇಕು. ಡಿಎಪಿ 50 ಕೆಜಿ ಚೀಲದಾಗ 9 ಕೆಜಿ ಸಾರಜನಕ ಐತಿ, ಅದನ್ನ ಮರೀತಾರ. ತಿಪ್ಪಿಗೊಬ್ಬರ, ಪ್ರೆಸ್‌ಮಡ್ (ಕಾರ್ಖಾನಿಯಾಗ ರಸ ಸೋಸಿ ಉಳಿದ ಮಡ್ಡಿ) ಸಾರಜನಕನೂ ಕೂಡಿಸಬೇಕು. ಬೇವು ಲೇಪಿಸಿದ ಯೂರಿಯಾ ಅಂತ ಗುಣಾಂಕ ಇಳಿಸಿ ಬರಿಯೂ ಹಂಗಿಲ್ಲ, 2015ರಿಂದ ಸಬ್ಸಿಡಿ ಯೂರಿಯಾ ಎಲ್ಲಾ ಬೇವು ಲೇಪಿಸಿದ್ದ ಐತಿ, ಮೂಲ ವರ್ಷಕ್ಕೂ ಮುಂದಿನ ವರ್ಷಕ್ಕೂ ಫರಕ್ ಬರೂದಿಲ್ಲ.

ಇನ್ನೊಂದು ಗಂಟು. 2019ರ ಪರಿಷ್ಕರಣೆ ಒಣ ಪ್ರದೇಶಕ್ಕ ನೇರ ಗುಣಾಂಕ 0.005 ಕೊಡತೈತಿ, ಉಷ್ಣವಲಯದಾಗ ವರ್ಷಕ್ಕ 1,000 ಮಿ.ಮೀ. ಒಳಗ ಮಳಿ ಇದ್ರ ಅದು ಒಣ ಪ್ರದೇಶ. ವಿಜಯಪುರ, ಬಾಗಲಕೋಟಿ ಮಳಿ ನೋಡಿದ್ರ ಅದ ಹಿಡೀಬೇಕು ಅನಸತೈತಿ, ಅಂಕಿ ಅರ್ಧಾ ಆಗತೈತಿ. ಆದ್ರ ಕಬ್ಬಿನ ಹೊಲಕ್ಕ ವರ್ಷಪೂರ್ತಿ ನೀರು ಹಾಯಿಸತಾರ, ಆ ಮಣ್ಣು ಒಣಭೂಮಿ ಅಲ್ಲ. ಹಾಯಿನೀರಿನ ಕಬ್ಬಿಗೆ 0.01 ಕ್ಕಿಂತ ಕೆಳಗ ಇಳೀಬ್ಯಾಡ್ರಿ. ಮಳಿ ಆಶ್ರಯದ ತೊಗರಿ, ಕಡಲಿ ಇದ್ರ 0.005 ಸರಿ. ಯಾವದ ಹಿಡೀರಿ, 10 ವರ್ಷ ಅದನ್ನ ಹಿಡೀರಿ. ನಡುವ ಗುಣಾಂಕ ಬದಲಿಸಿ ಇಳಿಕಿ ತೋರಿಸಿದ್ರ ಪರಿಶೀಲನಾದಾಗ ಸಿಕ್ಕೊಂತೀರಿ, ಮೂಲ ವರ್ಷನೂ ತಿದ್ದಬೇಕಾಗತೈತಿ.

ಟಿಳಕವಾಡಿ_ಖರೀದಿ:

ಇಬ್ಬರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲ ರೈತರ ಕಬ್ಬೂ ಒಂದೇ ಕಡೆ ನುರಿಯುತ್ತದೆ. ನಮ್ಮ ಸಕ್ಕರೆ ಯಾವ ಹೊಲದ್ದು ಎನ್ನುವುದು ಹೇಗೆ? ಮತ್ತು ಹೊಲದಲ್ಲಿ ಶೇ 30 ಇಳಿಕೆ ನಿಜಕ್ಕೂ ಸಾಧ್ಯವೇ, ರೈತನ ಇಳುವರಿ ಕೆಡದಂತೆ?

ಕುಳೆಕಬ್ಬು_ಜಮಖಂಡಿ:

ಎರಡನೇದು ಮೊದಲ ಹೇಳತೀನಿ. ಹನಿ ನೀರಾವರಿ ಮಾಡಿ ಗೊಬ್ಬರ ನೀರಿನಾಗ ಕೊಟ್ರ ಸಾರಜನಕ ಶೇ 25 ಕಡಿಮಿ ಮಾಡಾಕ ಬರತೈತಿ, ಎಕರೆಗೆ 75 ಕೆಜಿ. ಕಡಿಮಿ ಮಳಿಯ ಒಣ ಪ್ರದೇಶದಾಗ ಹನಿ ಇದ್ರ ಐಪಿಸಿಸಿ ಪ್ರಕಾರ ಬಸಿದು ಹೋಗೂ ಭಾಗ ಸೊನ್ನೆ. ನೇರ 322, ಹಾರಿ ಹೋಗೂದು 35, ಯೂರಿಯಾ ಇಂಗಾಲ 120, ಒಟ್ಟು 477. ರವದಿ ಸುಡದ ಹೊಲದಾಗ ಬಿಟ್ರ 236 ಹೋತು, ಆದ್ರ ಪೂರ್ತಿ ಸೊನ್ನೆ ಆಗೂದಿಲ್ಲ. ರವದಿಯೊಳಗೂ ಸಾರಜನಕ ಐತಿ, ಶೇ 0.4 ಹಿಡದ್ರ 12.8 ಕೆಜಿ, ಅದು ಕೊಳತಾಗ 55 ಕೆಜಿ ಬರತೈತಿ. ಈ 55 ಬಿಟ್ಟು ಲೆಕ್ಕ ಕೊಟ್ಟವರ ಕಾಗದ ವಾಪಸ್ ಬರೂದು ಸಾಮಾನ್ಯ. ಒಟ್ಟು 532. 984ರಿಂದ 532, ಶೇ 46 ಇಳಿಕಿ.

ಅಂದ್ರ ನಿಮಗ ಕಬ್ಬು ಬರೂ ಕ್ಷೇತ್ರದಾಗ ಮೂರರಾಗ ಎರಡು ಪಾಲು ಹಿಂಗ ಬದಲಾದ್ರ ಶೇ 30.3 ಮುಟ್ಟತೈತಿ, ಖರೀದಿ ಹೆಚ್ಚಾಗದಿದ್ರ. ಸಣ್ಣ ಕೆಲಸ ಅಲ್ಲ. ಹಂಗಂತ ಆಗದ ಕೆಲಸನೂ ಅಲ್ಲ.

ರವದಿ ಕಡೆ ಜೀವ ಇಟ್ಟು ಕೆಲಸ ಮಾಡ್ರಿ, ಯಾಕಂದ್ರ ಅದಕ್ಕ ಪೈಪು, ಪಂಪು ಬೇಕಾಗಿಲ್ಲ. ರೈತ ಬೆಂಕಿ ಹಚ್ಚೂದು ಹಟಕ್ಕಲ್ಲ. ಕಟಾವು ಮುಗದ ಮ್ಯಾಲ ರವದಿ ಹಂಗ ಬಿಟ್ರ ಕೂಳಿ (ಕಡದ ಕಬ್ಬಿನ ಬುಡ) ಸವರಾಕ ಬರೂದಿಲ್ಲ, ಹಾಯಿನೀರು ಬಿಟ್ರ ರವದಿ ತೇಲಿ ಸಾಲು ಕಟ್ಟಿ ನಿಂದರತೈತಿ, ಇಲಿ ಸೇರತಾವ, ಬಾಜೂದವನ ಹೊಲದ ಬೆಂಕಿ ಹಾರಿ ಬಂದ್ರ ಕುಳಿನೂ (ಬುಡದಿಂದ ಮತ್ತ ಚಿಗಿಯೂ ಕಬ್ಬು) ಸುಡತೈತಿ. ಇವು ನಾಕಕ್ಕೂ ಉತ್ತರ ಬೇಕು. ಕಟಾವಾಗಿ ಐದಾರು ದಿನದೊಳಗ ರವದಿ ಪುಡಿ ಮಾಡೂ ಮಷಿನ್ ಹೊಲಕ್ಕ ಬರಬೇಕು. ತಡಾ ಆದ್ರ ಕುಳಿ ಚಿಗರು ಮ್ಯಾಲ ಬಂದಿರತಾವ, ಮಷಿನ್ ಹಾಯಿಸಿದ್ರ ಮುರೀತಾವ. ಮಷಿನ್ ಸಿಗದಿದ್ರ ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳದು, ಖಾಲಿ ಸಾಲಿನಾಗ ನೀರು ಬಿಡಬೇಕು. ಹೊಲದ ಸುತ್ತ ಬದುವಿಗೆ ಹತ್ತಿದ ರವದಿ ಒಳಗ ಎಳದು ಪಟ್ಟಿ ಖಾಲಿ ಇಡಬೇಕು, ಬಾಜೂದ ಬೆಂಕಿಗೆ.

ಬಾಳ ಮಂದಿ ಮಾಡೂ ತಪ್ಪು ಅಂದ್ರ ರವದಿ ಮ್ಯಾಲ ಯೂರಿಯಾ ಉಗ್ಗೂದು. ಒಣ ಎಲಿ ಮ್ಯಾಲ ಬಿದ್ದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗತೈತಿ, ಕುಳಿ ಹಳದಿ ಬೀಳತೈತಿ. ರೈತ ರವದಿಯಿಂದ ಬೆಳಿ ಕೆಟ್ಟಿತು ಅಂತಾನ, ಮುಂದಿನ ವರ್ಷ ಬೆಂಕಿ ಹಚ್ಚತಾನ. ಯೂರಿಯಾ ಕುಳಿ ಬಾಜೂ ಕುಣಿ ತಗದು ಮಣ್ಣಿನೊಳಗ ಹಾಕಿ ಮುಚ್ಚಬೇಕು. ರವದಿ ಕೊಳೀಲಿ ಅಂತ ಕೊಡೂ ಮೊದಲ ಯೂರಿಯಾ, ಸೂಪರ್ ಫಾಸ್ಫೇಟ್, ಕೊಳಿಸೂ ಜೀವಾಣು ಪುಡಿ ಇವನ್ನ ರವದಿ ತೊಯ್ದಿದ್ದಾಗ ಕೊಟ್ಟು, ಕೂಡಲೇ ನೀರು ಬಿಡಬೇಕು.

ಸುಟ್ಟದ್ದು ಯಾವದು, ಬಿಟ್ಟದ್ದು ಯಾವದು ಅಂತ ತಿಳಿಯೂದು ಹೆಂಗ? ನಿಂತ ಕಬ್ಬು ಸುಟ್ಟು ತಂದ್ರ ಕಡಿತ ಹಾಕೂ ಕಾರ್ಖಾನಿ ಇದ್ರ ಕಾಟಾ ಚೀಟಿಯೊಳಗ ಸುಟ್ಟ ಕಬ್ಬು ಅಂತ ನಮೂದು ಇರತೈತಿ, ಅದು ನಿಮಗ ಸಿದ್ಧ ದಾಖಲೆ. ಕಟಾವು ಆದ ಮ್ಯಾಲ ರವದಿ ಸುಟ್ಟದ್ದು ಯಾವ ಚೀಟಿಯೊಳಗೂ ಬರೂದಿಲ್ಲ. ಕಟಾವಾಗಿ 10 ದಿನದೊಳಗ ಫೀಲ್ಡ್‌ಮನ್ ಹೊಲಕ್ಕ ಹೋಗಿ ಫೋಟೋ ತಗೀಬೇಕು, ಫೋಟೋದಾಗ ಸ್ಥಳ, ತಾರೀಖು ಬರಬೇಕು. ಅದರ ಕೂಡ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡ್ರಿ, 10 ಮೀಟರ್ ಅಳತಿ, ಐದು ದಿನಕ್ಕೊಮ್ಮೆ ಬರತೈತಿ, ಕರಿ ಕಲಿ ಕಾಣತೈತಿ. ಎರಿ ಮಣ್ಣು ತಾನ ಕರಿ ಇರೂದರಿಂದ ಒಂದ ಚಿತ್ರ ನೋಡಿ ತೀರ್ಮಾನ ಮಾಡಬ್ಯಾಡ್ರಿ, ಕಟಾವಿನ ಮುಂಚಿನ ಚಿತ್ರ, ಕಟಾವಾದ ಕೂಡಲೇ ತಗದದ್ದು, ಆಮ್ಯಾಲಿಂದು, ಮೂರು ಇಟ್ಟು ನೋಡ್ರಿ. ಬೆಂಕಿ ಹುಡುಕೂ 375 ಮೀಟರ್ ಚಿತ್ರದಾಗ ಒಂದೆರಡು ಎಕರೆ ಸುಟ್ಟದ್ದು ತಪ್ಪಿ ಹೋಗತೈತಿ.

ಮಲಪ್ರಭಾ_ಲೆಕ್ಕ:

ಯಾವ ಹೊಲದ ಸಕ್ಕರೆ ಎಂಬ ಪ್ರಶ್ನೆಗೆ: ಪ್ರತಿ ಮೂಟೆಯ ಮೂಲ ಹುಡುಕಬೇಕಿಲ್ಲ. ಆ ಕಾರ್ಖಾನೆಗೆ ಕಬ್ಬು ಬರುವ ಪ್ರದೇಶವನ್ನೇ ನಿಮ್ಮ ಮೂಲ ಪ್ರದೇಶವಾಗಿ ಹಿಡಿದು ಅದರ ಸರಾಸರಿಯನ್ನು ಲೆಕ್ಕಕ್ಕೆ ತಂದರೆ ಆಯಿತು. ಕಾರ್ಖಾನೆಯ ಕಬ್ಬು ನೋಂದಣಿ ಪುಸ್ತಕದಲ್ಲಿ ಊರು, ಸರ್ವೆ ನಂಬರ್, ಎಕರೆ-ಗುಂಟೆ, ತಳಿ, ನಾಟಿಯೋ ಕುಳೆಯೋ, ನಾಟಿ ದಿನಾಂಕ ಇರುತ್ತವೆ. ಕಾಟಾದಲ್ಲಿ ರೈತನ ಹೆಸರಿನ ಮೇಲೆ ಟನ್ ಬರುತ್ತದೆ. ಇವೆರಡನ್ನು ಜೋಡಿಸಿದರೆ ಎಕರೆ ಇಳುವರಿ ಸಿಗುತ್ತದೆ. ಒಂದೇ ಹೆಸರಿನಲ್ಲಿ ನಾಲ್ಕು ಸರ್ವೆ ನಂಬರಿನ ಕಬ್ಬು ಬರುವುದು, ಅಣ್ಣನ ಹೊಲದ ಕಬ್ಬು ತಮ್ಮನ ಚೀಟಿಯಲ್ಲಿ ಬರುವುದು, ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದಿರುವುದು ಸಾಮಾನ್ಯ. ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಇದ್ದರೆ ಅದನ್ನೇ ಜೋಡಿಸುವ ಕೊಂಡಿಯಾಗಿ ಬಳಸಿ, ಹೆಸರನ್ನು ಬಳಸಬೇಡಿ.

ಗೊಬ್ಬರದ ಅಂಕಿ ಮಾತ್ರ ಪುಸ್ತಕದಲ್ಲಿ ಸಿಗದು, ಮಾದರಿ ಸಮೀಕ್ಷೆ ಬೇಕು. ಹೊಲದಿಂದ ಹೊಲಕ್ಕೆ ವ್ಯತ್ಯಾಸ ಸರಾಸರಿಯ ಶೇ 40 ಇದ್ದು, ಶೇ 10ರ ನಿಖರತೆ ಬೇಕೆಂದರೆ ಸೂತ್ರ 62 ಹೊಲ ಎನ್ನುತ್ತದೆ. ಊರು ಆರಿಸಿ ಊರೊಳಗೆ ಹೊಲ ಆರಿಸುವುದರಿಂದ ಅದನ್ನು ದುಪ್ಪಟ್ಟು ಮಾಡಿ, ಕಾರ್ಖಾನೆಗೆ ಸುಮಾರು 125 ಹೊಲ. ನದಿ ಲಿಫ್ಟ್, ಕಾಲುವೆ, ಬೋರ್ ಎಂದು ಮೂರು ಗುಂಪು, ಪ್ರತಿ ಗುಂಪಿನಲ್ಲೂ ನಾಟಿ ಮತ್ತು ಕುಳೆ. ಕಾರ್ಖಾನೆ ಗೇಟಿನಲ್ಲಿ ಸರತಿ ನಿಂತ ಟ್ರ್ಯಾಕ್ಟರ್‌ನವರನ್ನು ಕೇಳಿ ತುಂಬಿದ ಫಾರ್ಮ್ ಬೇಡ, ಅಲ್ಲಿ ಇರುವವರು ಚಾಲಕರು, ಹೊಲದವರಲ್ಲ. "ಎಷ್ಟು ಕೆಜಿ ಸಾರಜನಕ" ಎಂದೂ ಕೇಳಬೇಡಿ. "ಯಾವ ಗೊಬ್ಬರ, ಎಷ್ಟು ಚೀಲ, ಯಾವ ತಿಂಗಳು" ಎಂದು ಕೇಳಿ, ಸೊಸೈಟಿ ಅಥವಾ ಅಂಗಡಿಯ ರಸೀದಿ ಇದ್ದರೆ ಫೋಟೋ ತೆಗೆಯಿರಿ.

ಮೂಲ ವರ್ಷದ ಬಗ್ಗೆ. 2023ರಲ್ಲಿ ರಾಜ್ಯಕ್ಕೆ ಬರ ಬಿದ್ದಿತ್ತು. ಗೊಬ್ಬರ ಹಾಕಿ ಆಗಿತ್ತು, ಕಬ್ಬು ಬೆಳೆಯಲಿಲ್ಲ, ಹಾಗಾಗಿ ಟನ್ ಕಬ್ಬಿನ ಅಂಕಿ ಉಬ್ಬಿ ಕೂತಿರುತ್ತದೆ. ಅದನ್ನು ಮೂಲವಾಗಿಸಿದರೆ ಮುಂದಿನ ಒಳ್ಳೆಯ ಮಳೆಯೇ ನಿಮ್ಮ ಸಾಧನೆಯಂತೆ ಕಾಣುತ್ತದೆ, ಪರಿಶೀಲಕರು ಒಪ್ಪಲಾರರು. 2019ರ ಆಗಸ್ಟ್ ಪ್ರವಾಹದಂಥ ವರ್ಷಕ್ಕೂ ಇದೇ ಮಾತು. ಜಿಎಚ್‌ಜಿ ಪ್ರೋಟೋಕಾಲ್‌ನಲ್ಲಿ (ಹೊರಸೂಸುವಿಕೆ ಲೆಕ್ಕದ ಅಂತರರಾಷ್ಟ್ರೀಯ ನಿಯಮಾವಳಿ) ಸತತ ಕೆಲವು ವರ್ಷಗಳ ಸರಾಸರಿಯನ್ನು ಮೂಲವಾಗಿ ಹಿಡಿಯಲು ಅವಕಾಶವಿದೆ, ಮೂರು ಹಂಗಾಮಿನ ಸರಾಸರಿ ಹಿಡಿಯಿರಿ. ಕಬ್ಬು ಒಂದು ವರ್ಷ ಹೊಲದಲ್ಲಿರುವ ಬೆಳೆ, ಈ ಹಂಗಾಮಿನಲ್ಲಿ ನುರಿದ ಕಬ್ಬಿಗೆ ಒಂದಷ್ಟು ಗೊಬ್ಬರ ಬಿದ್ದದ್ದು ಹಿಂದಿನ ಆರ್ಥಿಕ ವರ್ಷದಲ್ಲಿ ಇರಬಹುದು. ಏಪ್ರಿಲ್-ಮಾರ್ಚ್ ಲೆಕ್ಕಕ್ಕೆ ಒತ್ತಿ ಕೂಡಿಸಬೇಡಿ. ನುರಿಯುವ ಹಂಗಾಮನ್ನೇ ಘಟಕವಾಗಿಟ್ಟು, ಆ ಬೆಳೆಯ ಎಲ್ಲ ಹೊರಸೂಸುವಿಕೆಯನ್ನು ಅದಕ್ಕೇ ಹಚ್ಚಿ.

ಸಹ-ಉತ್ಪನ್ನದ ಹಂಚಿಕೆಯಲ್ಲಿ ಎಥೆನಾಲ್ ಲೆಕ್ಕ ಕೆಡಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಥೆನಾಲ್‌ಗೆ ಕಬ್ಬಿನ ರಸ ಬಳಸುವುದಕ್ಕೆ ನಿರ್ಬಂಧ ಹಾಕಿತು, ಮರುವರ್ಷ ಸಡಿಲಿಸಿತು. ರಸವೋ ಬಿ-ಹೆವಿ (ಸಕ್ಕರೆ ಪೂರ್ತಿ ತೆಗೆಯದೆ ಉಳಿಸಿದ) ಕಾಕಂಬಿಯೋ ಡಿಸ್ಟಿಲರಿಗೆ ಹೋದ ವರ್ಷ ಟನ್ ಕಬ್ಬಿನಿಂದ ಬರುವ ಸಕ್ಕರೆ ಕಡಿಮೆ, ಹೊಲದಲ್ಲಿ ಏನೂ ಬದಲಾಗಿರುವುದಿಲ್ಲ. ಆದ್ದರಿಂದ ಕಾರ್ಖಾನೆಯಿಂದ ಸಕ್ಕರೆ, ಕಾಕಂಬಿಯ ದರ್ಜೆ, ಡಿಸ್ಟಿಲರಿಗೆ ಹೋದ ರಸ, ಹೊರಗೆ ಮಾರಿದ ಬಗಾಸ್ ನಾಲ್ಕರ ಟನ್ನನ್ನೂ ಪಡೆಯಿರಿ. ಹಂಚಿಕೆ ಬೆಲೆಯ ಮೇಲೋ ಶಕ್ತಿಯ ಮೇಲೋ, ಒಂದನ್ನು ಆರಿಸಿ ಎಲ್ಲ ವರ್ಷಕ್ಕೂ ಅದನ್ನೇ ಉಳಿಸಿಕೊಳ್ಳಿ.

ಎರಿಹೊಲ_ಇಂಡಿ:

ಮಣ್ಣಿನ ಇಂಗಾಲದ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಅದನ್ನು ಗುರಿಯೊಳಗೆ ಹಿಡಿಯಲು ನಿಯಮ ಬಿಡುತ್ತದೆ, ಫ್ಲ್ಯಾಗ್ ಗುರಿಯೊಳಗೆ ಮಾತ್ರ, ಪೂರೈಕೆಯ ಹೊಲದಲ್ಲಿ ಮಾತ್ರ. ಖಾನಾಪುರದಲ್ಲಿ ನೆಟ್ಟ ಗಿಡ ಕಬ್ಬಿನ ಹೊಲದಲ್ಲಿ ಇಲ್ಲ, ಬೆಲ್ಲದ ಗಾಣಕ್ಕೆ ಕಬ್ಬು ಕೊಡುವ ಹೊಲದ ಬದುವಿನಲ್ಲೂ ಇಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಗಿಡ ನಿಮ್ಮ ಕಬ್ಬು ಬೆಳೆಗಾರನ ಬದುವಿನಲ್ಲಿದ್ದರೆ ಬರಬಹುದು. ಒಳಗೆಳೆದ ಇಂಗಾಲ ತೋರಿಸಲು ಹೊಲದ ಗುರುತು, ನಿಮ್ಮದೇ ಅಳತೆ, ಅನಿಶ್ಚಿತತೆಯ ಲೆಕ್ಕ, ಮುಂದಿನ ವರ್ಷಗಳ ನಿಗಾ, ಮತ್ತೆ ಬಿಟ್ಟುಹೋದರೆ ಅದನ್ನು ಖರ್ಚು ಹಾಕುವ ಪದ್ಧತಿ, ಇಷ್ಟೂ ಬೇಕು.

ನಮ್ಮ ಎರಿ ಮಣ್ಣಿನಲ್ಲಿ ಅಳತೆಯೇ ಕಷ್ಟ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಹೊಲ ಅಗೆದರೆ ಬಿಳಿ ಸುಣ್ಣದ ಹರಳು ಕೈಗೆ ಸಿಗುತ್ತವೆ. ಆ ಸುಣ್ಣದಲ್ಲೂ ಇಂಗಾಲ ಇದೆ, ಆದರೆ ಅದು ಬೇಸಾಯದಿಂದ ಕೂಡಿಟ್ಟದ್ದಲ್ಲ. ಮಾದರಿಯನ್ನು ಸುಟ್ಟು ಒಟ್ಟು ಇಂಗಾಲ ಅಳೆಯುವ ಯಂತ್ರಕ್ಕೆ ನೇರ ಕೊಟ್ಟರೆ ಎರಡನ್ನೂ ಸೇರಿಸಿ ದೊಡ್ಡ ಅಂಕಿ ಕೊಡುತ್ತದೆ. ಮಾದರಿಗೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ, ನೊರೆ ಬಂದರೆ ಸುಣ್ಣ ಇದೆ. ಆಗ ಆಮ್ಲದಿಂದ ಸುಣ್ಣ ತೆಗೆದು ಆಮೇಲೆ ಅಳೆಯಬೇಕು, ಇಲ್ಲವೇ ಸಾವಯವ ಇಂಗಾಲವನ್ನಷ್ಟೇ ಅಳೆಯುವ ವಾಕ್ಲಿ-ಬ್ಲ್ಯಾಕ್ ಪದ್ಧತಿ ಹಿಡಿಯಬೇಕು. ಮೂಲ ವರ್ಷ ಒಂದು ಪದ್ಧತಿ, ಐದನೇ ವರ್ಷ ಇನ್ನೊಂದು ಎಂದರೆ ಹೋಲಿಕೆಗೇ ಅರ್ಥವಿಲ್ಲ.

ಎರಿ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಜನವರಿಯಲ್ಲಿ 30 ಸೆಂ.ಮೀ. ಅಗೆದಾಗ ಸಿಕ್ಕ ಮಣ್ಣಿನ ತೂಕ ಬೇರೆ, ಮೇ ತಿಂಗಳಲ್ಲಿ ಬೇರೆ. ಆಳಕ್ಕೆ ಬದಲು ಸಮಾನ ಮಣ್ಣಿನ ತೂಕದ ಮೇಲೆ ಹೋಲಿಸಿ, ಪ್ರತಿ ಸಲ ಅದೇ ತೇವದಲ್ಲಿ, ಅದೇ ತಿಂಗಳಲ್ಲಿ ಮಾದರಿ ತೆಗೆಯಿರಿ. ಬಿರುಕಿನೊಳಗೆ ಅಗರು ಇಳಿಸಬೇಡಿ, ಮೇಲಿನ ಮಣ್ಣು ಕೆಳಗೆ ಬಿದ್ದಿರುತ್ತದೆ.

ಅಂಕಿ ಎಷ್ಟು ಸೂಕ್ಷ್ಮ ನೋಡಿ. ಸಾವಯವ ಇಂಗಾಲ ಶೇ 0.50, ಸಾಂದ್ರತೆ 1.3, ಆಳ 30 ಸೆಂ.ಮೀ. ಅಂದರೆ ಹೆಕ್ಟೇರಿಗೆ 19.5 ಟನ್ ಇಂಗಾಲ. ಐದು ವರ್ಷದಲ್ಲಿ ಅದು ಶೇ 0.55 ಆಯಿತು ಎಂದುಕೊಳ್ಳಿ. ಏರಿದ್ದು 1.95 ಟನ್ ಇಂಗಾಲ, 7.15 ಟನ್ ಇಂಗಾಲದ ಡೈಆಕ್ಸೈಡ್. ಕಬ್ಬಿನ ಹೊಲದ ಮೇಲಿನ ಲೆಕ್ಕ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 2.4 ಟನ್ ಇದೆ, ಇಲ್ಲಿ ವರ್ಷಕ್ಕೆ 1.43 ಟನ್ ಉಳಿತಾಯ ಕಾಣುತ್ತದೆ. ಮಂಡಳಿಗೆ ಬಹಳ ಹಿಡಿಸುವ ಅಂಕಿ ಇದು. ಆದರೆ ಆ 0.05 ಒಂದೇ ಹೊಲದ ಎರಡು ಮೂಲೆಯ ಮಾದರಿಗಳ ನಡುವಿನ ವ್ಯತ್ಯಾಸದಲ್ಲೇ ಮುಳುಗಿ ಹೋಗಬಲ್ಲದು. ನನ್ನ ಸಲಹೆ: ಮಾದರಿ ಈಗಲೇ ತೆಗೆದು ಒಣಗಿಸಿ ಗುರುತು ಹಾಕಿ ಕಾಯ್ದಿಡಿ, ಗುರಿಯ ಟನ್ನಿನೊಳಗೆ ಸೇರಿಸಬೇಡಿ. ಗೊಬ್ಬರ ಮತ್ತು ರವದಿಯ ಇಳಿಕೆಯಿಂದಲೇ ಶೇ 30.3 ಮುಟ್ಟುವ ಯೋಜನೆ ಇರಲಿ.

ಇನ್ನೊಂದು ಎಚ್ಚರಿಕೆ. ರೈತರ ಕಡೆಯಿಂದ ಯಾರಾದರೂ ಕಾರ್ಬನ್ ಕ್ರೆಡಿಟ್ ಮಾರಿದ್ದರೆ ಅದೇ ಟನ್ನನ್ನು ನೀವು ಹೇಳಿಕೊಳ್ಳುವಂತಿಲ್ಲ. ಒಪ್ಪಂದಕ್ಕೆ ಮೊದಲು ಕಾರ್ಖಾನೆಯಿಂದಲೂ ರೈತ ಗುಂಪಿನಿಂದಲೂ ಬರಹದಲ್ಲಿ ಪಡೆಯಿರಿ.

ಹಿಂಡಲಗಾ_ಎಣ್ಣೆ:

ತಾಳೆ ಎಣ್ಣೆ ಬಗ್ಗೆ ಸಂಕ್ಷಿಪ್ತವಾಗಿ. ಫ್ಲ್ಯಾಗ್ ಗುರಿಯ ಜೊತೆ ಅರಣ್ಯನಾಶ ಇಲ್ಲ ಎಂಬ ಬದ್ಧತೆಯನ್ನೂ ಪ್ರಕಟಿಸಬೇಕು, ಕಟ್-ಆಫ್ ವರ್ಷ 2020ಕ್ಕಿಂತ ತಡವಾಗುವಂತಿಲ್ಲ. ಬದ್ಧತೆ ಪೂರೈಸುವ ಗಡುವಿನ ನಿಯಮ ಪರಿಷ್ಕರಣೆ ಆಗಿದೆ, ಸಲ್ಲಿಸುವ ದಿನ ಜಾರಿಯಲ್ಲಿರುವ ಆವೃತ್ತಿ ತೆಗೆದು ನೋಡಿ. ಭೂಬಳಕೆ ಬದಲಾವಣೆಯ ಹೊರಸೂಸುವಿಕೆಗೆ ಕನಿಷ್ಠ 20 ವರ್ಷ ಹಿಂದಕ್ಕೆ ನೋಡಬೇಕು. ಆರ್‌ಎಸ್‌ಪಿಒ (ಸುಸ್ಥಿರ ತಾಳೆ ಎಣ್ಣೆಯ ಪ್ರಮಾಣೀಕರಣ ಸಂಸ್ಥೆ) ಕ್ರೆಡಿಟ್ ಕೊಂಡರೆ ನಿಮ್ಮ ಡ್ರಮ್ಮಿನ ಎಣ್ಣೆ ಬದಲಾಗುವುದಿಲ್ಲ, ಅಂಕಿಯೂ ಬದಲಾಗುವುದಿಲ್ಲ. ಬೇರ್ಪಡಿಸಿ ತಂದ ಎಣ್ಣೆ ಮತ್ತು ಗಿರಣಿಯ ಪಟ್ಟಿ ಕೇಳಿ. 400 ಟನ್ನಿನ ಗಿರಾಕಿಗೆ ರಿಫೈನರಿಯವರು ಬೇರೆ ಟ್ಯಾಂಕ್ ಕೊಡುವುದು ಕಷ್ಟ, ಆಗ ಮಾಸ್ ಬ್ಯಾಲೆನ್ಸ್ (ಬೇರೆ ಎಣ್ಣೆಯೊಂದಿಗೆ ಬೆರೆತರೂ ಪ್ರಮಾಣಿತ ಪಾಲಿನ ಲೆಕ್ಕ ಇಟ್ಟ) ಎಣ್ಣೆಯಿಂದ ಶುರು ಮಾಡಿ. ಪಾಕವಿಧಾನದಲ್ಲಿ ಎಲ್ಲಿ ಶೇಂಗಾ ಎಣ್ಣೆ ನಡೆಯುತ್ತದೆ ಅದನ್ನೂ ಪರೀಕ್ಷಿಸಿ.

ಇಲ್ಲಿಯ ಕಬ್ಬಿಗೂ 20 ವರ್ಷದ ನೋಟ ಬೇಕು. ಕಾಲುವೆ ಬಂದ ಮೇಲೆ ಜೋಳ, ಕಡಲೆ ಹೊಲ ಕಬ್ಬಾದರೆ ಅದು ಹೊಲದಿಂದ ಹೊಲಕ್ಕೆ, ದೊಡ್ಡ ತೊಂದರೆ ಇಲ್ಲ. ಗಾಯರಾಣ (ಗೋಮಾಳ) ಹುಲ್ಲುಗಾವಲು ಕಬ್ಬಾಗಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಸರ್ವೆ ನಂಬರಿನ ಗಡಿಯನ್ನು ದಿಶಾಂಕ್ ಆ್ಯಪ್‌ನಲ್ಲಿ ತೆಗೆದು ಹಳೆಯ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿ.

ಟಿಳಕವಾಡಿ_ಖರೀದಿ:

ಕರಡನ್ನು ಹೀಗೆ ತಿದ್ದಿದ್ದೇವೆ, ನೋಡಿ ಹೇಳಿ: "ಮೂರು ಹಂಗಾಮುಗಳ ಸರಾಸರಿಯನ್ನು ಮೂಲವಾಗಿಟ್ಟು, ಸ್ಕೋಪ್ 3 ಫ್ಲ್ಯಾಗ್ ಹೊರಸೂಸುವಿಕೆಯ ಒಟ್ಟು ಪ್ರಮಾಣವನ್ನು 10 ವರ್ಷಗಳಲ್ಲಿ ಶೇ 30.3 ಇಳಿಸುತ್ತೇವೆ. ಗುರಿಯೊಳಗೆ ಸಕ್ಕರೆ, ಬೆಲ್ಲ, ಹಾಲಿನ ಪುಡಿ, ತಾಳೆ ಎಣ್ಣೆ, ಗ್ಲೂಕೋಸ್ ಸೇರಿವೆ." ಇಂಧನದ ಗುರಿ ಪ್ರತ್ಯೇಕ ಕಾಗದದಲ್ಲಿ. ಬೆಲ್ಲಕ್ಕೆ ಏನು ಮಾಡುವುದು? ಪೇಟೆಯಲ್ಲಿ ಯಾವ ಗಾಣದ್ದೆಂದು ತಿಳಿಯುವುದೇ ಇಲ್ಲ.

ಮಲಪ್ರಭಾ_ಲೆಕ್ಕ:

ವಾಕ್ಯ ಸರಿಯಾಗಿದೆ. ಒಂದು ಸೇರಿಸಿ: "ಗುರಿಯಲ್ಲಿ ಫ್ಲ್ಯಾಗ್ ಹೊರಸೂಸುವಿಕೆ ಮತ್ತು ಒಳಗೆಳೆತ ಎರಡೂ ಒಳಗೊಂಡಿವೆ." ಒಳಗೆಳೆತ ಈಗ ಸೊನ್ನೆ ಎಂದೇ ತೋರಿಸಿ. ಇಂಧನದ ಗುರಿಗೆ ಸ್ಕೋಪ್ 1 ಮತ್ತು 2ರಲ್ಲಿ ವರ್ಷಕ್ಕೆ ಕನಿಷ್ಠ ಶೇ 4.2 ಹಿಡಿಯಬೇಕು, ಮರೆಯಬೇಡಿ.

ಬೆಲ್ಲ 300 ಟನ್ ಮಾತ್ರ. ಶೇ 67ರ ವ್ಯಾಪ್ತಿ ಉಳಿದ ಸರಕುಗಳಿಂದಲೇ ತುಂಬಿದರೆ ಅದನ್ನು ಗುರಿಯ ಹೊರಗಿಡಬಹುದು, ಆದರೆ ಒಟ್ಟು ಲೆಕ್ಕದ ಪಟ್ಟಿಯಿಂದ ತೆಗೆಯುವಂತಿಲ್ಲ. ಗಾಣದವರು ಬೆಲ್ಲದ ಒಲೆಗೆ ಬಗಾಸ್ ಜೊತೆ ಏನು ಉರಿಸುತ್ತಾರೆ ಎಂಬುದನ್ನು ಇಂಧನದ ಖಾತೆಗೆ ಬೇರೆಯಾಗಿ ಬರೆಯಿರಿ.

ಕುಳೆಕಬ್ಬು_ಜಮಖಂಡಿ:

ಬೆಲ್ಲಕ್ಕ ಪೇಟಿ ಬಿಟ್ಟು ಸೀದಾ ಗಾಣಕ್ಕ ಹೋಗ್ರಿ. 300 ಟನ್ ಬೆಲ್ಲ ಅಂದ್ರ ಸುಮಾರು 3,000 ಟನ್ ಕಬ್ಬು, 75 ಎಕರೆ. ಅಷ್ಟ ಹೊಲ ಎರಡು ಮೂರು ಊರೊಳಗ ಮುಗೀತೈತಿ. ರೈತರು ಯಾರು, ಹೊಲ ಯಾವು ಅಂತ ಒಂದ ವಾರದಾಗ ಪಟ್ಟಿ ಆಗತೈತಿ. ರವದಿ ಮಷಿನ್, ಚೀಲದ ಲೆಕ್ಕ, ಫೋಟೋ ಪದ್ಧತಿ ಎಲ್ಲಾ ಆ 75 ಎಕರೆದಾಗ ಒಂದು ಹಂಗಾಮು ನಡಸಿ ನೋಡ್ರಿ, ಆಮ್ಯಾಲ ಅದ ಫಾರ್ಮ್ ಹಿಡಕೊಂಡು ಕಾರ್ಖಾನಿ ಕಬ್ಬು ವಿಭಾಗದವರ ಕೂಡ ಮಾತಾಡ್ರಿ. ಮಷಿನ್ ಬಾಡಿಗಿ ಯಾರು ಕೊಡೂದು ಅನ್ನೂದು ಕಟಾವಿನ ಮೊದಲ ತೀರ್ಮಾನ ಆಗಿರಬೇಕು. ಕಟಾವು ಆದ ದಿನ ಆ ಮಾತು ತಗದ್ರ ಅವತ್ತ ಸಂಜೀಗೆ ಬೆಂಕಿ ಬಿದ್ದಿರತೈತಿ.